ಅಪ್‌ಡೇಟ್: ಕಮ್ಯುನಿಟಿ ಕಾಲೇಜಿನಿಂದ ಗಣಿತ ಪದವಿಗೆ ವರ್ಗಾವಣೆ

ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನಿಂದ (ಪದವಿಯ ಮೊದಲ ಎರಡು ವರ್ಷ ಓದುವ ಸಾರ್ವಜನಿಕ ಕಾಲೇಜು) ವಿಶ್ವವಿದ್ಯಾಲಯದ ಗಣಿತ ಪದವಿಗೆ ವರ್ಗಾವಣೆಯಾಗಲು ಭಾಷೆ, ಇತಿಹಾಸದಂಥ ಸಾಮಾನ್ಯ ಶಿಕ್ಷಣದ ವಿಷಯಗಳನ್ನು ಮೊದಲು ಮುಗಿಸಬೇಕೇ ಅಥವಾ ಗಣಿತವನ್ನೇ ಮೊದಲು ಹಿಡಿಯಬೇಕೇ ಎಂದು ಹತ್ತು ದಿನಗಳ ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ವಂದನೆಗಳು.

ಅಸಿಸ್ಟ್ ಜಾಲತಾಣದಲ್ಲಿ ನಮ್ಮ ಕಾಲೇಜನ್ನೂ ಸೇರಬಯಸುವ ಕ್ಯಾಂಪಸ್ಸನ್ನೂ ಆಯ್ದು ಒಪ್ಪಂದಪಟ್ಟಿಯನ್ನು, ಅಂದರೆ ನಮ್ಮ ಕಾಲೇಜಿನ ಯಾವ ತರಗತಿಗಳನ್ನು ಆ ಕ್ಯಾಂಪಸ್ ಒಪ್ಪುತ್ತದೆ ಎಂಬ ಪಟ್ಟಿಯನ್ನು, ನೋಡಬೇಕೆಂಬ ಸಲಹೆಯೇ ಕೊನೆಗೆ ಫಲಿಸಿತು. ಕ್ಯಾಲ್ಕುಲಸ್ ಸರಣಿ ಮುಗಿಯದೆ ಡಿಫರೆನ್ಷಿಯಲ್ ಸಮೀಕರಣಗಳ ತರಗತಿಗೆ ಹೋಗಲಾಗದು, ಒಂದು ಶೈಕ್ಷಣಿಕ ಅವಧಿ ತಪ್ಪಿದರೆ ಮುಂದಿನದೆಲ್ಲವೂ ಹಿಂದೆ ಬೀಳುತ್ತದೆ. ಆದ್ದರಿಂದ ಸಾಮಾನ್ಯ ವಿಷಯಗಳೇ ಮೊದಲು ಎಂಬ ಸಲಹೆ ನನಗೆ ಹೊಂದಲಿಲ್ಲ.

ಅಚ್ಚರಿಯೆಂದರೆ, ಪ್ರವೇಶದ ಖಾತರಿ ಕೊಡುವ ಟ್ಯಾಗ್ ಸೌಲಭ್ಯವಿರುವುದು ಯುಸಿಯ (ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ) ಆರು ಕ್ಯಾಂಪಸ್ಸುಗಳಲ್ಲಿ ಮಾತ್ರ. ನಾನು ಕನಸು ಕಂಡಿದ್ದ ಬರ್ಕ್ಲಿ ಅದರಲ್ಲಿಲ್ಲ. ಸೆಪ್ಟೆಂಬರಿನಲ್ಲಿ, ಅದೂ ಒಂದೇ ಕ್ಯಾಂಪಸ್ಸಿಗೆ, ಟ್ಯಾಗ್ ಅರ್ಜಿ ಹಾಕಬಹುದಾದ್ದರಿಂದ ಡೇವಿಸ್ ಅನ್ನು ಆರಿಸಿಕೊಂಡಿದ್ದೇನೆ. ಬರ್ಕ್ಲಿಗೆ ಎಂದಿನ ಅರ್ಜಿಯನ್ನು ಪ್ರತ್ಯೇಕವಾಗಿ ಹಾಕುತ್ತೇನೆ.