ಸಹಾಯ ಬೇಕು: ಡಾಕ್ಟರಿಲ್ಲದ ಕಡೆ ಬಳಸೋ ರೋಗ ಪತ್ತೆ ಆ್ಯಪ್

ಎಲ್ಲರಿಗೂ ನಮಸ್ಕಾರ. ಡಾಕ್ಟರು ಸಿಗದ ದೂರದ ಹಳ್ಳಿಗಳಲ್ಲಿ ಆರೋಗ್ಯ ಕಾರ್ಯಕರ್ತೆಯರು ಬಳಸೋಕೆ ಒಂದು ಸರಳ ಆ್ಯಪ್ ಬರೀತಿದ್ದೀನಿ. ಇಂಟರ್ನೆಟ್ ಇಲ್ಲದೆ, ಹಳೇ ಆಂಡ್ರಾಯ್ಡ್ ಫೋನಲ್ಲೂ ನಡೀಬೇಕು. ಸದ್ಯಕ್ಕೆ ಚಿಕ್ಕ ಮಕ್ಕಳ ಕೆಮ್ಮು, ಉಸಿರಾಟದ ತೊಂದರೆ ಮಾತ್ರ. ಎಲ್ಲಾ ರೋಗಕ್ಕೂ ಕೈ ಹಾಕೋ ಧೈರ್ಯ ನನಗಿಲ್ಲ.

ಆಧಾರ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ರೂಪಿಸಿದ ಐಎಂಸಿಐ (ಚಿಕ್ಕ ಮಕ್ಕಳ ಕಾಯಿಲೆಗಳ ಸಮಗ್ರ ನಿರ್ವಹಣೆ) ಮಾರ್ಗಸೂಚಿ. 2ರಿಂದ 12 ತಿಂಗಳೊಳಗಿನ ಮಗು ನಿಮಿಷಕ್ಕೆ 50 ಅಥವಾ ಹೆಚ್ಚು ಸಲ, 1ರಿಂದ 5 ವರ್ಷದೊಳಗಿನದು 40 ಅಥವಾ ಹೆಚ್ಚು ಸಲ ಉಸಿರಾಡಿದರೆ ಅದು ವೇಗದ ಉಸಿರಾಟ. ಪ್ರತಿ ಉಸಿರಿಗೂ ಪರದೆ ಮುಟ್ಟಿ ಪೂರ್ತಿ ಒಂದು ನಿಮಿಷ ಎಣಿಸೋ ವ್ಯವಸ್ಥೆ ಮಾಡಿದ್ದೀನಿ. ಆದರೆ ಮಗು ನಡುವೆ ಅತ್ತರೆ ಲೆಕ್ಕ ಕೆಡುತ್ತೆ. ಮೊದಲಿಂದ ಎಣಿಸಿ ಅಂತ ಎಷ್ಟು ಸಲ ಹೇಳೋದು? ಫೀಲ್ಡಲ್ಲಿ ಕೆಲಸ ಮಾಡಿದೋರು ದಯವಿಟ್ಟು ಹೇಳಿ.

ಇನ್ನೊಂದು: ಹಾಲು ಕುಡಿಯೋಕಾಗದಿರೋದು, ತಿಂದದ್ದೆಲ್ಲ ವಾಂತಿ, ಫಿಟ್ಸ್, ಪ್ರಜ್ಞೆ ತಪ್ಪೋದು ಇವುಗಳಲ್ಲಿ ಒಂದಿದ್ದರೂ ತುರ್ತಾಗಿ ಆಸ್ಪತ್ರೆಗೆ ಕಳಿಸಬೇಕು. ಹಾಗಂತ ತಪಾಸಣೆ ಅಲ್ಲಿಗೇ ನಿಲ್ಲಿಸೋ ಹಾಗಿಲ್ಲ, ಬೇಗ ಮುಗಿಸಿ ಕಳಿಸಬೇಕು. ಆದರೆ ಆ್ಯಪ್ ತೋರಿಸೋ ಕೆಂಪು ಎಚ್ಚರಿಕೆ ಪರದೆ ನೋಡಿದ ಮೇಲೆ ಯಾರು ಮುಂದಿನ ಪ್ರಶ್ನೆಗೆ ಹೋಗ್ತಾರೆ?

ನಿಯಮಗಳೆಲ್ಲ ಈಗ ಕೋಡ್ ಒಳಗೇ ಇವೆ (ನನ್ನದೇ ಸೋಮಾರಿತನ). ಡಾಕ್ಟರೇ ಓದಿ ತಿದ್ದುವಂತೆ ಸ್ಪ್ರೆಡ್‌ಶೀಟ್‌ಗೆ ಹಾಕಬೇಕು. ಅನುಭವ ಇರೋ ಪ್ರೋಗ್ರಾಮರ್, ಪರೀಕ್ಷಿಸಿ ಬೈಯೋಕೆ ಒಬ್ಬ ಮಕ್ಕಳ ಡಾಕ್ಟರ್ ಬೇಕು. ಕಾಮೆಂಟಲ್ಲಿ ತಿಳಿಸಿ.