ಹಿತ್ತಲಲ್ಲಿ ಈಜುಕೊಳ: ಮನೆ ನಕ್ಷೆ ಮಾಡುವಾಗಲೇ ನೋಡಬೇಕಾದ್ದು

ಕೇಳಿದ್ದು: ಖಾಲಿ ಸೈಟಿನಲ್ಲಿ ಮನೆ ಕಟ್ಟಿಸುತ್ತಿದ್ದೇವೆ, ಇನ್ನೂ ನಕ್ಷೆಯ ಹಂತ. ಹಿತ್ತಲಲ್ಲಿ 8 ಮೀಟರ್ ಉದ್ದ, 4 ಮೀಟರ್ ಅಗಲದ ಈಜುಕೊಳದ ಆಸೆ ಇದೆ. ಅದನ್ನು ಆಮೇಲೆ ಮಾಡಿಸುತ್ತೇವೆ. ಸಣ್ಣ ಮಕ್ಕಳಿದ್ದಾರೆ. ಈಗಲೇ ಏನೇನು ಯೋಚಿಸಬೇಕು?

ಮಕ್ಕಳಿರುವ ಮನೆಯವರು: ಮಕ್ಕಳಿದ್ದಾರೆ ಅಂದಿರಲ್ಲ, ಅಲ್ಲಿಂದಲೇ ಶುರು ಮಾಡಿ. ಮನೆಯವರು ಜಾಸ್ತಿ ಹೊತ್ತು ಇರುವ ಜಾಗದಿಂದ ಇಡೀ ಕೊಳ ಕಾಣಬೇಕು. ನಮ್ಮಲ್ಲಿ ಅದು ಅಡುಗೆಮನೆ ಕಿಟಕಿ. ನಕ್ಷೆಯಲ್ಲಿ ಒಲೆಯ ಮುಂದೆ ಒಂದು ಚುಕ್ಕೆ ಇಟ್ಟು, ಅಲ್ಲಿಂದ ಕೊಳದ ನಾಲ್ಕೂ ಮೂಲೆಗೆ ಗೆರೆ ಎಳೆಯಿರಿ. ಗೋಡೆಯೋ ಕಂಬವೋ ಅಡ್ಡ ಬಂದರೆ ಕೊಳ ಸರಿಸಿ, ಇಲ್ಲವೇ ಕಿಟಕಿ ಸರಿಸಿ.

ಕಾಣುತ್ತದಲ್ಲ ಅಂತ ಬೇಲಿ ಬಿಡಬೇಡಿ. ನೀರಿಗೆ ಬಿದ್ದ ಮಗು ಸಾಮಾನ್ಯವಾಗಿ ಕೂಗುವುದಿಲ್ಲ, ಸದ್ದಿಲ್ಲದೆ ಮುಳುಗುತ್ತದೆ. ನಾಲ್ಕೂ ಕಡೆ ಕನಿಷ್ಠ 1.2 ಮೀಟರ್ ಎತ್ತರದ, ಹತ್ತಲು ಆಸರೆ ಸಿಗದ ಬೇಲಿ ಬೇಕು. ಗೇಟು ಕೊಳದ ಹೊರಗಡೆಗೆ ತೆರೆಯಬೇಕು, ತಾನೇ ಮುಚ್ಚಿ ಚಿಲಕ ಬೀಳಬೇಕು. ಮನೆಯ ಗೋಡೆಯನ್ನೇ ಒಂದು ಬದಿಯ ಬೇಲಿ ಮಾಡಿಕೊಂಡರೆ, ಹಿತ್ತಲ ಬಾಗಿಲು ತೆರೆದಾಗೆಲ್ಲ ಮಗು ನೇರ ನೀರಿನ ಹತ್ತಿರ ಹೋಗಬಹುದು. ಸುತ್ತ ಒಂದೂವರೆ ಮೀಟರ್ ಓಡಾಟದ ಜಾಗ ಬಿಟ್ಟು ಬೇಲಿ ಹಾಕಿದರೆ 32 ಚದರ ಮೀಟರ್ ಕೊಳಕ್ಕೆ 77 ಚದರ ಮೀಟರ್ ಬೇಕು. ನಕ್ಷೆಯಲ್ಲಿ ಇಷ್ಟನ್ನೂ ಗುರುತಿಸಿ.

ಕಟ್ಟಡ ಕೆಲಸದವರು: ಕೊಳ ಆಮೇಲೆ ಅನ್ನುವುದಾದರೆ ಅಗೆಯುವ ಯಂತ್ರ ಎಲ್ಲಿಂದ ಬರುತ್ತದೆ ನೋಡಿ. ಮನೆ ಎದ್ದ ಮೇಲೆ ಪಕ್ಕದಲ್ಲಿ ಸುಮಾರು 3 ಮೀಟರ್ ದಾರಿ ಇಲ್ಲದಿದ್ದರೆ ದೊಡ್ಡ ಯಂತ್ರ ಹಿತ್ತಲಿಗೆ ಬರುವುದು ಕಷ್ಟ. ಮಣ್ಣು ಹೊರಗೆ ಸಾಗಿಸುವುದೂ ಅದೇ ದಾರಿಯಲ್ಲಿ, ಅಲ್ವಾ? ಗುಂಡಿ ಪಾಯದ ತಳಕ್ಕಿಂತ ಎಷ್ಟು ಆಳ ಹೋಗುತ್ತದೋ, ಪಾಯದಿಂದ ಕನಿಷ್ಠ ಅಷ್ಟು ದೂರವಾದರೂ ಇರಲಿ. ಸಡಿಲ ಮಣ್ಣಾದರೆ ಇನ್ನೂ ದೂರ. ಇದನ್ನು ಇಂಜಿನಿಯರ್ ಹತ್ತಿರವೇ ಲೆಕ್ಕ ಹಾಕಿಸಿ.

ಸೈಟಿನ ತಗ್ಗು ಮೂಲೆ ಬೇಡ. ಮಳೆನೀರು ಕೆಸರು ಹೊತ್ತು ಅಲ್ಲಿಗೇ ಹರಿಯುತ್ತದೆ. ಅಂತರ್ಜಲ ಮೇಲಿರುವ ಕಡೆ ಕೊಳ ಖಾಲಿ ಮಾಡಿದರೆ ಕೆಳಗಿನ ನೀರಿನ ಒತ್ತಡಕ್ಕೆ ತೊಟ್ಟಿಯೇ ಮೇಲೇಳಬಹುದು. ವಿದ್ಯುತ್ ಮತ್ತು ನೀರಿನ ಪೈಪುಗಳಿಗೆ ಖಾಲಿ ಕೊಳವೆಗಳನ್ನು ನೆಲ ಹಾಕುವ ಮೊದಲೇ ಹೂತುಬಿಡಿ.

ದಿನಾ ಈಜುವವರು: ಬಿಸಿಲು ನೋಡಿ. ಉತ್ತರ ಗೋಳಾರ್ಧದಲ್ಲಿ ಚಳಿಗಾಲದ ಮಧ್ಯಾಹ್ನ ಮನೆಯ ನೆರಳು ಉತ್ತರಕ್ಕೆ ಉದ್ದವಾಗಿ ಬೀಳುತ್ತದೆ. ಎರಡು ಮಹಡಿ ಮನೆಯ ಉತ್ತರಕ್ಕೆ ಅಂಟಿದಂತೆ ಕೊಳ ಮಾಡಿದರೆ ನೀರು ಐಸಿನಂತೆ ತಣ್ಣಗಿರುತ್ತದೆ. ದಕ್ಷಿಣ ಗೋಳಾರ್ಧದಲ್ಲಿ ಇದು ಉಲ್ಟಾ. ಗಾಳಿಯೂ ಮುಖ್ಯ. ಕಸ ಎಳೆದುಕೊಳ್ಳುವ ಸ್ಕಿಮ್ಮರ್, ಗಾಳಿ ಎಲೆಗಳನ್ನು ತಳ್ಳಿಕೊಂಡು ಹೋಗುವ ತುದಿಯಲ್ಲಿರಲಿ. ನಿಮ್ಮ ಅಳತೆಯ ಕೊಳದಲ್ಲಿ ದಿನಕ್ಕೆ 5 ಮಿಲಿಮೀಟರ್ ಆವಿಯಾದರೂ 160 ಲೀಟರ್ ಹೋಯಿತು. ಗಾಳಿಗೆ ಒಂದು ಮರೆ ಇದ್ದರೆ ಅದು ಕಡಿಮೆಯಾಗುತ್ತದೆ.

ಪಂಪು ಮಲಗುವ ಕೋಣೆ ಕಿಟಕಿಯ ಕೆಳಗೆ ಬೇಡ, ಅದರ ಸದ್ದು ಗಂಟೆಗಟ್ಟಲೆ ಇರುತ್ತದೆ. ಹಾಗಂತ ತೀರಾ ದೂರ ಇಟ್ಟರೆ ಪೈಪಿನಲ್ಲೇ ಒತ್ತಡ ಕಳೆದುಹೋಗುತ್ತದೆ.

ಇನ್ನೊಬ್ಬರು: ಹಿತ್ತಲ ಬಾಗಿಲಿನ ಪಕ್ಕದಲ್ಲೇ ಒಂದು ಬಚ್ಚಲು ಇರಲಿ. ಒದ್ದೆ ಕಾಲಲ್ಲಿ ಮಕ್ಕಳು ಮನೆಯೆಲ್ಲ ಓಡಿ ಜಾರುವುದು ತಪ್ಪುತ್ತದೆ. ಕ್ಲೋರಿನ್ ಮತ್ತು ಆಸಿಡ್ ಇಡಲು ಹೊರಗೆ ಗಾಳಿಯಾಡುವ, ಬೀಗ ಹಾಕುವ ಜಾಗ ಮಾಡಿ. ಎರಡನ್ನೂ ಒಂದೇ ಕಪಾಟಿನಲ್ಲಿ ಇಡಲೇಬೇಡಿ, ಬೆರೆತರೆ ವಿಷಾನಿಲ ಬರುತ್ತದೆ.