ಪರ್ಸಿಯಸ್‌ನ ಮೂಲ ಕಥೆಯನ್ನು ಸಿನಿಮಾ ಎಷ್ಟರಮಟ್ಟಿಗೆ ಉಳಿಸಿಕೊಂಡಿದೆ?

ಪ್ರಶ್ನೆ – ಗಂಗಾವತಿಯ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಾನು ಒಂಬತ್ತನೆಯ ತರಗತಿಗೆ ಪಾಠ ಮಾಡುತ್ತೇನೆ. 2010ರಲ್ಲಿ ಬಂದ ‘ಕ್ಲ್ಯಾಶ್ ಆಫ್ ದ ಟೈಟನ್ಸ್’ ಚಿತ್ರವನ್ನು ದಸರೆ ರಜೆಯಲ್ಲಿ ನೋಡಿದ ನಮ್ಮ ಮಕ್ಕಳು, ನೋಡಿದವರನ್ನು ಕಲ್ಲಾಗಿಸುವ ಮೆಡೂಸಾಳ ತಲೆ ಕಡಿದು ತಂದು ಕ್ರಾಕನ್ ಎಂಬ ಕಡಲ ದೈತ್ಯನನ್ನು ಕಲ್ಲಾಗಿಸಿದ ಪರ್ಸಿಯಸ್‌ನ ಕಥೆ ಗ್ರೀಕ್ ಪುರಾಣದಲ್ಲಿಯೂ ಹೀಗೆಯೇ ಇದೆಯೇ ಎಂದು ಕೇಳುತ್ತಿದ್ದಾರೆ. ಅಂಜನಾದ್ರಿಯನ್ನು ದಿನವೂ ಕಾಣುತ್ತ ಬೆಳೆದ ಇವರು, ವಾಲಿ ಸುಗ್ರೀವರ ಕಥೆಯಲ್ಲಿ ನಾನು ಒಂದೆಳೆ ತಪ್ಪಿದರೂ ತಿದ್ದುತ್ತಾರೆ. ಅವರಿಗೆ ತಪ್ಪು ಹೇಳಬಾರದೆಂದು ತಿಳಿದವರನ್ನು ಕೇಳುತ್ತಿದ್ದೇನೆ.

ಉತ್ತರ – ಬಳ್ಳಾರಿಯ ನಿವೃತ್ತ ಉಪನ್ಯಾಸಕ

ಮೇಡಂ, ಹೀಗೆಯೇ ಇಲ್ಲ. ಕ್ರಾಕನ್ ನಾರ್ವೆ ಕಡೆಯ ನಾವಿಕರ ಕಥೆಗಳಿಂದ ಬಂದದ್ದು. ಗ್ರೀಕ್ ಕಥೆಯಲ್ಲಿ ರಾಜಕುಮಾರಿ ಆಂಡ್ರೊಮಿಡಾಳನ್ನು ನುಂಗಲು ಬರುವುದು ಕಡಲ ದೇವರು ಪೊಸೈಡನ್ ಕಳುಹಿಸಿದ ಕೀಟಸ್ ಎಂಬ ಪ್ರಾಣಿ. ಚಿತ್ರದಲ್ಲಿ ಪರ್ಸಿಯಸ್ ಏರುವ ರೆಕ್ಕೆಯ ಕುದುರೆ ಪೆಗಾಸಸ್ ಮೆಡೂಸಾಳ ಕತ್ತಿನಿಂದ ಹುಟ್ಟಿದ್ದು ನಿಜವಾದರೂ, ಅದನ್ನೇರಿ ಹೋರಾಡಿದ ವೀರ ಬೆಲ್ಲೆರೊಫಾನ್. ಪರ್ಸಿಯಸ್ ಹಾರಿದ್ದು ರೆಕ್ಕೆಯ ಪಾದರಕ್ಷೆ ತೊಟ್ಟು. ಚಿತ್ರದಲ್ಲಿ ಅವನ ಪ್ರೇಯಸಿಯಾಗುವ ಅಯೋ, ಪುರಾಣದ ವಂಶಾವಳಿಯಲ್ಲಿ ಅವನಿಗೆ ಎಷ್ಟೋ ತಲೆಮಾರು ಹಿಂದಿನ ಅಜ್ಜಿ!

ಇವನ್ನೆಲ್ಲ ಸಹಿಸಬಹುದು, ಆದರೆ ಅಕ್ರೀಸಿಯಸ್‌ನಿಗೆ ಮಾಡಿದ್ದನ್ನು ನಾನು ಸಹಿಸಲಾರೆ. ಮಗಳ ಮಗನಿಂದಲೇ ಸಾವು ಎಂಬ ದೈವವಾಣಿಗೆ ಹೆದರಿದ ಆರ್ಗಾಸ್‌ನ ಈ ದೊರೆ ಮಗಳು ಡಾನೆಯನ್ನು ಕಂಚಿನ ಕೋಣೆಯಲ್ಲಿ ಸೆರೆಯಿಡುತ್ತಾನೆ. ದೇವತೆಗಳ ರಾಜ ಸ್ಯೂಸ್ ಚಿನ್ನದ ಮಳೆಯಾಗಿ ಅಲ್ಲಿಗೂ ಇಳಿದು ಮಗು ಹುಟ್ಟಿದಾಗ, ತಾಯಿ ಮಗು ಇಬ್ಬರನ್ನೂ ಪೆಟ್ಟಿಗೆಯಲ್ಲಿಟ್ಟು ಕಡಲಿಗೆ ತಳ್ಳುತ್ತಾನೆ. ಎಷ್ಟೋ ವರ್ಷಗಳ ನಂತರ ಲಾರಿಸ್ಸಾದ ಕ್ರೀಡಾಕೂಟದಲ್ಲಿ ಪರ್ಸಿಯಸ್ ಎಸೆದ ಡಿಸ್ಕಸ್ ದಾರಿ ತಪ್ಪಿ ಮುದುಕನೊಬ್ಬನಿಗೆ ಬಡಿಯುತ್ತದೆ, ಅವನು ಸಾಯುತ್ತಾನೆ. ಆ ಮುದುಕನೇ ಅಜ್ಜ. 2010ರ ಚಿತ್ರ ಅಕ್ರೀಸಿಯಸ್‌ನನ್ನು ಡಾನೆಯ ಗಂಡನನ್ನಾಗಿ ಮಾಡಿ ಈ ಅಜ್ಜ ಮೊಮ್ಮಗನ ಸಂಬಂಧವನ್ನೇ ಅಳಿಸಿಹಾಕಿದೆ. ಕಂಸ ದೇವಕಿಗೆ ಅಣ್ಣನೇ ಅಲ್ಲವೆಂದರೆ ಕೃಷ್ಣನ ಕಥೆ ನಿಂತೀತೇ?

ಉತ್ತರ – ಸಿಂಧನೂರಿನ ಬಯಲಾಟ ಪ್ರಿಯ

ಗುರುಗಳೇ, ಅಕ್ರೀಸಿಯಸ್‌ನ ವಿಷಯದಲ್ಲಿ ನಿಮ್ಮ ಮಾತಿಗೆ ಎದುರಾಡುವುದಿಲ್ಲ. ಆದರೆ ಕಥೆಯನ್ನು ಬದಲಿಸುವುದೇ ದೋಷವೆನ್ನಲಾರೆ. ನಮ್ಮ ದೊಡ್ಡಾಟದ ಕವಿಗಳು ಭಾರತ ರಾಮಾಯಣಗಳ ಪ್ರಸಂಗಗಳನ್ನು ಎಷ್ಟು ಬೆಳೆಸಿಲ್ಲ! ಪ್ರಾಚೀನ ಗ್ರೀಕ್ ಕವಿ ಹೆಸಿಯಡ್‌ನ ಕಾವ್ಯದಲ್ಲಿ ಮೆಡೂಸಾ ಮೂವರು ಗಾರ್ಗನ್ ಸೋದರಿಯರಲ್ಲಿ ಒಬ್ಬಳು, ಅಷ್ಟೆ. ಎಷ್ಟೋ ಶತಮಾನಗಳ ನಂತರ ರೋಮಿನ ಕವಿ ಆವಿಡ್, ಅವಳು ಚೆಲುವೆಯಾಗಿದ್ದಳೆಂದೂ, ದೇವಿಯ ಗುಡಿಯಲ್ಲಿ ಕಡಲ ದೇವರು ಅವಳ ಮಾನ ಕೆಡಿಸಿದನೆಂದೂ, ಶಿಕ್ಷೆ ಮಾತ್ರ ಅವಳ ಕೂದಲಿಗೆ ಹಾವುಗಳಾಗಿ ಬಂದಿತೆಂದೂ ಹಾಡಿದ. ಆ ಬದಲಾವಣೆಯಿಂದ ಕಥೆಗೆ ಕರುಣೆ ಬಂತು.

ಮೇಡಂ, ಸಾಧ್ಯವಾದರೆ ಇದೇ ಹೆಸರಿನ 1981ರ ಚಿತ್ರವನ್ನೂ ಮಕ್ಕಳಿಗೆ ತೋರಿಸಿ. ಅದರಲ್ಲಿ ಅಕ್ರೀಸಿಯಸ್ ಡಾನೆಯ ತಂದೆಯೇ. ರೇ ಹ್ಯಾರಿಹೌಸನ್ ಗೊಂಬೆಗಳನ್ನು ಕೂದಲೆಳೆಯಷ್ಟು ಸರಿಸುತ್ತ ಒಂದೊಂದೇ ಚೌಕಟ್ಟನ್ನು ಚಿತ್ರಿಸಿದ್ದಾರೆ. ಪಂಜಿನ ಬೆಳಕಿನಲ್ಲಿ ಮೆಡೂಸಾ ಎರಡೂ ಕೈಯೂರಿ ಮೈಯನ್ನು ಎಳೆದುಕೊಂಡು ಬರುವಾಗ, ಚಿಕ್ಕಂದಿನಲ್ಲಿ ದೀಪದ ಪರದೆಯ ಮೇಲೆ ಕಂಡ ತೊಗಲುಬೊಂಬೆಗಳು ನನಗೆ ನೆನಪಾದವು.

ಉತ್ತರ – ಕುಷ್ಟಗಿಯ ವಿಜ್ಞಾನ ಶಿಕ್ಷಕ

ಮೇಡಂ, ಈ ಕಥೆಯ ಹಲವು ಪಾತ್ರಗಳು ನಕ್ಷತ್ರಪುಂಜಗಳಾಗಿ ಆಕಾಶದಲ್ಲಿವೆ. ಡಿಸೆಂಬರಿನ ನಡುವೆ ರಾತ್ರಿ ಒಂಬತ್ತರ ಸುಮಾರಿಗೆ ಮಾಳಿಗೆ ಹತ್ತಿ ಉತ್ತರಕ್ಕೆ ಮುಖ ಮಾಡಿದರೆ, ನಮ್ಮ ಖಗೋಳ ಪುಸ್ತಕಗಳು ಕುಂತಿ ಎಂದು ಕರೆಯುವ, ಆಂಡ್ರೊಮಿಡಾಳ ತಾಯಿ ಕ್ಯಾಸಿಯೋಪಿಯಾ ಎಡಗಡೆ ಓರೆಯಾಗಿ ಕಾಣುತ್ತಾಳೆ. ಅವಳಿಗಿಂತ ಮೇಲೆ, ದ್ರೌಪದಿ ಎನಿಸಿದ ಆಂಡ್ರೊಮಿಡಾ ಇದ್ದಾಳೆ. ಪರ್ಸಿಯಸ್ ಪುಂಜದಲ್ಲಿ ಮೆಡೂಸಾಳ ತಲೆಯ ಜಾಗದಲ್ಲಿರುವ ಆಲ್ಗಾಲ್ ನಕ್ಷತ್ರ, ಅದರ ಮಂಕಾದ ಜೋಡಿ ನಕ್ಷತ್ರ ಅಡ್ಡ ಬರುವುದರಿಂದ, ಸುಮಾರು 2 ದಿನ 21 ಗಂಟೆಗೊಮ್ಮೆ ಬರಿಗಣ್ಣಿಗೇ ಗೊತ್ತಾಗುವಂತೆ ಮಂಕಾಗಿ ಮತ್ತೆ ಬೆಳಗುತ್ತದೆ. ಪಕ್ಕದ ನಕ್ಷತ್ರಗಳೊಂದಿಗೆ ಹೋಲಿಸಿ ಒಂದು ವಾರ ಗುರುತು ಹಾಕಿಕೊಳ್ಳಲು ಮಕ್ಕಳಿಗೆ ಹೇಳಿ.